ಅವ್ವನ ಶಗಡಿ, ಸಿಸ್ಟರ್ ಕೊಟ್ಟ ಹಸಿ ಅರಿವೆ

ಕಳೆದ ಶ್ರಾವಣದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ದವಾಖಾನೆಯಿಂದ ವಾಪಸು ಹೋಗುವಾಗ ನನ್ನ ಮನೆಯ ಕಟ್ಟೆಯ ಹತ್ತಿರ ನಿಂತಳು. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ ಹನ್ನೆರಡು ದಿನ. ಜೊತೆಗೆ ಅವಳ ಅತ್ತೆ ಇದ್ದಳು. ಕೂತುಕೋ ಅಂದರೆ ಕೂರಲಿಲ್ಲ, ಎರಡೂ ಕೈಯಿಂದ ಹೊಟ್ಟೆಯ ಕೆಳಗೆ ಅವುಚಿ ಹಿಡಿದುಕೊಂಡು ನಿಂತೇ ಇದ್ದಳು. ಆ ನಿಲುವು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೊಲಿಗೆ ಬಿಚ್ಚಿವೆಯೇನು ಎಂದು ಕೇಳಿದೆ. ಅವಳು ಅಳಲು ಶುರು ಮಾಡಿದಳು.

"ಮದಲ ಒಂದ ಮಾತ ಕೇಳು," ಅಂದೆ. "ಕರಳ ಹೊರಗ ಬರೂದಿಲ್ಲ. ಅದನ್ನ ತಲಿಯಾಗಿಂದ ತಗದ ಒಗಿ."

ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಹೆದರಿಕೆಯನ್ನು ಅವಳು ಗಂಡನಿಗೂ ಹೇಳಿರಲಿಲ್ಲವಂತೆ. ಮೂವತ್ತು ವರ್ಷದ ಹಿಂದೆ ನಾನೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಯಾರಾದರೂ ಹಾಗಾಗುವುದಿಲ್ಲ ಅನ್ನುತ್ತಿದ್ದರೋ ಏನೋ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಯಾವ ಔಷಧ, ಯಾವ ಪಟ್ಟಿ ಎಂಬುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಹೊರಸಿನ ಮೇಲೆ ಮಲಗಿದವಳಿಗೆ ಏನೇನು ಅನಿಸುತ್ತದೆ ಎಂಬುದಷ್ಟೇ ನನಗೆ ಗೊತ್ತಿರುವುದು.

ತೊಂಬತ್ತರ ದಶಕದ ಶುರು, ಕಬ್ಬು ಕಡಿಯುವ ಹಂಗಾಮು. ನನ್ನ ಗಂಡನ ಮನೆ ಕಾಗವಾಡದ ಹತ್ತಿರ, ಎರಡು ಎಕರೆ ದ್ರಾಕ್ಷಿ ಇತ್ತು. ತವರು ಅಥಣಿ ತಾಲೂಕಿನ ಅನಂತಪುರ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಏಳನೇ ತಿಂಗಳಿಗೆ ಅವ್ವ ಬಂದು ಕರೆದುಕೊಂಡು ಹೋದಳು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಎರಡು ಎಮ್ಮೆ. ದಿನ ತುಂಬಿ ನೋವು ಬಂದು ಒಂದು ಹಗಲು, ಒಂದು ರಾತ್ರಿ ಕಳೆದರೂ ಕೂಸು ಕೆಳಗಿಳಿಯಲಿಲ್ಲ. ಗಡಿಯಾಚೆ ಮಿರಜ ಕಡೆಯ ಒಂದು ದವಾಖಾನೆಗೆ ಒಯ್ದರು, ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ನಮ್ಮ ಓಣಿಯಲ್ಲಿ ಹಾಗೆ ಹೆತ್ತವಳು ನಾನೇ ಮೊದಲು. ನೋಡಲು ಬಂದವರು ಕೂಸಿಗಿಂತ ನನ್ನ ಹೊಟ್ಟೆಯ ಕಡೆಗೇ ಹೆಚ್ಚು ನೋಡಿದರು.

ಎಂಟನೆಯ ದಿನ ಹೊಲಿಗೆ ತೆಗೆದರು, ಹತ್ತನೆಯ ದಿನ ಮನೆಗೆ ಬಂದೆ. ಬಾಣಂತಿಯ ಕೋಣೆ ತಯಾರಾಗಿಯೇ ಇತ್ತು. ಕಿಟಕಿಗೆ ಗೋಣಿತಟ್ಟು, ನನ್ನ ತಲೆಗೆ ಕುಂಚಿಗೆ, ಕಿವಿಗೆ ಹತ್ತಿ, ಕಾಲಿಗೆ ಕಾಲುಚೀಲ. ಹೊರಸಿನ ಕೆಳಗೆ ಕುಳ್ಳಿನ ಕೆಂಡ ತುಂಬಿದ ಶಗಡಿ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಕುಡಿಯಲು ಬಿಸಿನೀರು, ಅದೂ ಗುಟುಕು ಎಣಿಸಿ. ನಮ್ಮ ಕಡೆ ಬಾಣಂತಿಗೆ ತಂಪು ಅಂದರೆ ಯಮ. ತಂಪು ಹತ್ತಿದರೆ ಸನ್ನಿ, ಸನ್ನಿ ಹಿಡಿದರೆ ಮುಗಿಯಿತು ಅನ್ನುತ್ತಾರೆ. ಎಲ್ಲ ಅವ್ವಂದಿರೂ ಇದನ್ನು ಮಾಡುತ್ತಾರೆ, ಆದರೆ ನಮ್ಮವ್ವ ಹಠ ತೊಟ್ಟವಳಂತೆ ಮಾಡುತ್ತಿದ್ದಳು. ದವಾಖಾನೆಯಿಂದ ಬರುವಾಗ ಬಸ್ಸಿನ ಕಿಟಕಿಯ ಸಂದಿಗೆಲ್ಲ ಟಾವೆಲ್ ತುರುಕಿದ್ದಳು. ಬದನೆಕಾಯಿ ಸುಟ್ಟಂತೆ ನನ್ನನ್ನು ಸುಡುತ್ತೀಯೇನು ಎಂದು ಚೇಷ್ಟೆ ಮಾಡಿದರೆ ಅವಳು ನಗಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಆ ಹೊಗೆಗೆ ನನಗೆ ಕೆಮ್ಮು ಬಂತು. ಮೂರನೆಯ ಸಲ ಕೆಮ್ಮಿದಾಗ ಹೊಟ್ಟೆಯ ಕೆಳಗೆ ಏನೋ ಸಡಿಲವಾಯಿತು. ನೋವಲ್ಲ. ಬೆಚ್ಚನೆಯ ನೀರು ಸುರಿದಂತಾಯಿತು, ಸೀರೆಯ ನಿರಿಗೆ ಪೂರ್ತಿ ತೊಯ್ದುಹೋಯಿತು. ಕೈ ಇಟ್ಟೆ. ಇರಬೇಕಾದ ಚರ್ಮ ಅಲ್ಲಿರಲಿಲ್ಲ, ಬೆರಳು ಒಳಗೆ ಹೋಯಿತು. ಕರುಳು ಬಿತ್ತು ಅಂದುಕೊಂಡೆ. ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಅವ್ವನನ್ನು ಕೂಗಿದೆ. ಆವತ್ತು ಮುಚ್ಚಿದ ಕಣ್ಣನ್ನು ಮತ್ತೆ ಎಂಟೊಂಬತ್ತು ದಿನ ಆ ಗಾಯದ ಕಡೆ ತೆರೆಯಲಿಲ್ಲ. ಶಾಲೆಯಲ್ಲಿ ಕಣ್ಣು ಬಿಟ್ಟು ನೋಡಿ ಕಲಿಯಿರಿ ಎಂದು ಮಕ್ಕಳ ಕಿವಿ ಹಿಂಡುತ್ತಿದ್ದವಳು ನಾನು, ನನ್ನ ಮೈಯನ್ನೇ ನೋಡಿಕೊಳ್ಳುವ ಧೈರ್ಯವಾಗಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಮಲಗಿಸಿಕೊಂಡು ಮತ್ತೆ ಅದೇ ದವಾಖಾನೆಗೆ ಒಯ್ದರು. ವರಾಂಡದಲ್ಲಿ ಕೂರಲು ಉದ್ದನೆಯ ಕಟ್ಟಿಗೆಯ ಬಾಕು, ಅದರ ತುಂಬ ಹೆಂಗಸರು. ಏನಾಯಿತೆಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು, ಹೊಲಿಗೆ ಬಿಚ್ಚಿವೆ ಎಂದು ಅವ್ವ ಮರಾಠಿಯಲ್ಲೇ ಹೇಳಿದಳು. ಆ ಮಾತು ಬಾಕಿನ ಈ ತುದಿಯಿಂದ ಆ ತುದಿಗೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು, ನಾನು ಮಲಗಲೆಂದು. ತುಂಬಿದ ಬಸುರಿಯೊಬ್ಬಳು ತನ್ನ ಶಾಲು ಮಡಿಸಿ ನನ್ನ ತಲೆಯ ಕೆಳಗಿಟ್ಟಳು. ಅವಳ ಹೆಸರು ಕೇಳಲಿಲ್ಲ, ಮುಖವೂ ನೆನಪಿಲ್ಲ. ಶಾಲಿಗೆ ಹಚ್ಚಿದ ಅಮೃತಾಂಜನದ ವಾಸನೆ ಮಾತ್ರ ಇವತ್ತಿಗೂ ನೆನಪಿದೆ.

ಡಾಕ್ಟರು ನೋಡಿದರು. ಒಳಗಿನ ಹೊಲಿಗೆ ಗಟ್ಟಿ ಇವೆ, ಮೇಲಿನ ಚರ್ಮ ಮತ್ತು ಕೊಬ್ಬು ಮಾತ್ರ ಬಿಟ್ಟಿದೆ, ಒಳಗೆ ಕೀವು ಆಗಿದ್ದರಿಂದ ಈಗಲೇ ಹೊಲಿಯಲು ಬರುವುದಿಲ್ಲ, ತೆರೆದೇ ಇಟ್ಟು ತಳದಿಂದ ತುಂಬಿಕೊಳ್ಳಲು ಬಿಡಬೇಕು ಎಂದರು. ಇದನ್ನೆಲ್ಲ ಆಮೇಲೆ ಅವ್ವನ ಬಾಯಿಂದ ಕೇಳಿದೆ. ಆಗ ನನ್ನ ಕಿವಿಗೆ ಬಿದ್ದದ್ದು 'ತೆರೆದೇ ಇಟ್ಟು' ಎಂಬ ಎರಡು ಮಾತು ಮಾತ್ರ. ಹೊಟ್ಟೆ ತೆರೆದಿಟ್ಟುಕೊಂಡು ಮನುಷ್ಯರು ಬದುಕುತ್ತಾರೆಯೇ ಎಂದು ಚಾವಣಿ ನೋಡುತ್ತ ಮಲಗಿದ್ದೆ.

ಡ್ರೆಸಿಂಗ್ ಮಾಡುತ್ತಿದ್ದವರು ಲೀಲಾ ಸಿಸ್ಟರ್. ನಡುವಯಸ್ಸಿನವರು, ಮನೆಮಾತು ಮರಾಠಿ, ನಮ್ಮ ಕಡೆಯ ರೋಗಿಗಳ ಜೊತೆ ಮಾತಾಡಿ ಮಾತಾಡಿ ಕನ್ನಡ ಕಲಿತಿದ್ದರು. ವಾರ್ಡಿನಲ್ಲಿ ಮಂಚ ಖಾಲಿ ಇರಲಿಲ್ಲ, ಆದ್ದರಿಂದ ಮನೆಯಲ್ಲೇ ಮಾಡುವ ಕ್ರಮವನ್ನು ಅವ್ವನಿಗೆ ಕಲಿಸಿದರು. ನೀರು ಕುದಿಸಬೇಕು, ಅವರು ಕೊಟ್ಟ ಚಮಚದ ಅಳತೆಗೆ ಉಪ್ಪು ಹಾಕಿ ಆರಿಸಬೇಕು. ಕುದಿಸಿದ ಅರಿವೆಯನ್ನು ಅದರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಹಸಿಯಾಗಿಯೇ ಗಾಯದೊಳಗೆ ಸಡಿಲವಾಗಿ ಇಡಬೇಕು. ಮೇಲೆ ಒಣ ಪಟ್ಟಿ. ದಿನಕ್ಕೆ ಮೂರು ಸಲ.

"ಒಣಗಾಕ ಬಿಡಬ್ಯಾಡ್ರಿ," ಎಂದು ಅವರು ಮೂರು ಸಲ ಹೇಳಿದರು. "ಒಣಗಿದ ಅರಿವಿ ಕಿತ್ರ ಹೊಸಾ ಮಾಂಸ ಅದರ ಕೂಡನ ಕಿತ್ತ ಬರ್ತೈತಿ."

ಮೂರು ಸಲವೂ ಅವ್ವ ತಲೆಯಾಡಿಸಿದಳು. ಎಂಟು ದಿನ ಬಿಟ್ಟು ಬರಬೇಕು. ಅಷ್ಟರೊಳಗೆ ಗಾಯದ ತಳ ಕೆಂಪಾಗಿ ಮೇಲೇಳದಿದ್ದರೆ ಮತ್ತೆ ಆಪರೇಶನ್ ಕೋಣೆ, ಮತ್ತೆ ಮತ್ತು ಬರಿಸಿ ಕೆರೆದು ಹೊಲಿಯುವುದು, ವಾರ್ಡಿನಲ್ಲಿ ಹದಿನೈದು ದಿನ. ಅಷ್ಟು ದಿನ ಕೊಡುವ ಔಷಧಕ್ಕೆ ಕೂಸಿಗೆ ಎದೆಹಾಲು ಬಿಡಿಸಬೇಕಾಗಬಹುದು ಎಂದರು. ಮಗಳು ಹುಟ್ಟಿ ಆರು ದಿನ ಮೊಲೆ ಹಿಡಿಯದೆ ನನ್ನ ಜೀವ ಹಿಂಡಿದ್ದಳು, ಈಗ ತಾನೇ ಹಿಡಿಯಲು ಕಲಿತಿದ್ದಳು. ಬಿಡಿಸಿದರೆ ಮತ್ತೆ ಹಿಡಿಯುತ್ತಾಳೋ ಇಲ್ಲವೋ. ಎಂಟು ದಿನ ನನ್ನ ತಲೆಯಲ್ಲಿ ಇದೊಂದೇ ಇತ್ತು.

ಮನೆಯಲ್ಲಿ ಅವ್ವ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಕೈ ತೊಳೆಯುತ್ತಿದ್ದಳು, ನೀರು ಕುದಿಸುತ್ತಿದ್ದಳು, ಅರಿವೆ ಕುದಿಸುತ್ತಿದ್ದಳು. ಆಮೇಲೆ ಪಾತ್ರೆ ಹಿಡಿದುಕೊಂಡು ನನ್ನ ಕಾಲ ದೆಸೆಗೆ ಹೋಗಿ ಕೂರುತ್ತಿದ್ದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ತೊಲೆ ಎಣಿಸುತ್ತಿದ್ದೆ. ಹೊಸ ಅರಿವೆ ಒಳಗೆ ಹೋದಾಗ ಬೆಚ್ಚಗಿರುತ್ತಿತ್ತು. ಪಾಪ, ಮಗಳಿಗೆ ಚಳಿಯಾಗಬಾರದೆಂದು ಬಿಸಿ ಮಾಡುತ್ತಾಳೆ ಅಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಆದರೆ ಹಳೆಯದನ್ನು ತೆಗೆಯುವಾಗ ಜೀವ ಬಾಯಿಗೆ ಬರುತ್ತಿತ್ತು. ಅಂಟಿದ ಅರಿವೆಯನ್ನು ಅವ್ವ ಮೆಲ್ಲಗೆ ಎಳೆದರೂ ಅದು ಒಳಗಿನಿಂದ ಏನನ್ನೋ ಕಿತ್ತುಕೊಂಡೇ ಬರುತ್ತಿತ್ತು. ರಕ್ತದ ವಾಸನೆ ಬರುತ್ತಿತ್ತು. ನಾನು ಕೂಗಿದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವ್ವನೂ ಅಳುತ್ತಿದ್ದಳು, ತಡಕೋ ನನ್ನವ್ವ, ತಡಕೋ ಅನ್ನುತ್ತಿದ್ದಳು. ಗಾಯ ಅಂದರೆ ಹೀಗೇ ಇರುತ್ತದೆ ಎಂದು ನಾನು ನಂಬಿದ್ದೆ. ದಿನಕ್ಕೆ ಹತ್ತು ಸಲ ವಾಸನೆ ಬರುತ್ತಿದೆಯೇ ಎಂದು ಅವ್ವನನ್ನು ಕೇಳುತ್ತಿದ್ದೆ, ಇಲ್ಲ ಅಂದರೂ ನಂಬುತ್ತಿರಲಿಲ್ಲ. ಐದನೆಯ ದಿನ ಮೈ ಸ್ವಲ್ಪ ಬಿಸಿಯಾಯಿತು. ಆವತ್ತು ಅವ್ವ ಒಂದರ ಜಾಗದಲ್ಲಿ ಎರಡು ಶಗಡಿ ಇಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ ಅವಳಿಗೆ. ನನ್ನ ಕಾಯಿಲೆಗೆ ಇವಳೇ ಇಷ್ಟು ಹೆದರಿದರೆ ನಾನೇನು ಮಾಡಲಿ ಎಂದು ಸಿಟ್ಟು ಬಂತು.

ನನ್ನ ಗಂಡ ರವಿವಾರ ಬಂದರು. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವುದಿಲ್ಲ, ಹೊಸ್ತಿಲ ಹೊರಗೆ ನಿಂತು "ಊಟ ಆತಾ?" ಎಂದು ಕೇಳಿದರು. ಮಾತು ಕಡಿಮೆಯ ಮನುಷ್ಯ. ಹೊಟ್ಟೆ ಬಿರಿದುಕೊಂಡು ಮಲಗಿದ ಹೆಂಡತಿಯನ್ನು ಕೇಳುವ ಮಾತೇ ಇದು ಎಂದು ನನಗೆ ಉರಿದುಹೋಯಿತು, ಗೋಡೆಯ ಕಡೆ ಮುಖ ತಿರುಗಿಸಿದೆ. ಹೋಗುವಾಗ ಅವರು ಹೊಸ್ತಿಲ ಮೇಲೆ ಒಂದು ಗಂಟು ಇಟ್ಟು ಹೋದರು. ಬಿಚ್ಚಿದರೆ ಮೆತ್ತನೆಯ ಬಿಳಿ ಮಲ್ ಅರಿವೆ, ಅಳತೆಗೆ ಕತ್ತರಿಸಿ, ಒಗೆದು, ಬಿಸಿಲಿಗೆ ಒಣಗಿಸಿ ಮಡಿಸಿದ್ದರು. ಸಿಟ್ಟು ಇಳಿಯಲಿಲ್ಲ, ಆದರೆ ಆ ಗಂಟನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡೆ.

ಎಂಟು ದಿನ ಕಳೆದು ದವಾಖಾನೆಗೆ ಹೋದೆವು. ಅವ್ವ ಕೂಸನ್ನೆತ್ತಿಕೊಂಡು ಹೊರಗೆ ಕೂತಳು, ನಾನೊಬ್ಬಳೇ ಒಳಗೆ ಹೋದೆ. ಲೀಲಾ ಸಿಸ್ಟರ್ ಮೇಲಿನ ಪಟ್ಟಿ ತೆಗೆದರು. ಆಮೇಲೆ ಒಳಗಿನ ಅರಿವೆಯ ಮೇಲೆ ಉಪ್ಪುನೀರು ಸುರಿದು, ನೆನೆಯಲಿ ಎಂದು ಬಹಳ ಹೊತ್ತು ಕಾದರು. ಅಷ್ಟು ಹೊತ್ತು ಯಾಕೆ ಕಾಯುತ್ತಿದ್ದಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಇದನ್ನು ಒಣಗಿಸಿದವರು ಯಾರು ಎಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮವ್ವ ಹೊತ್ತು ಹೊತ್ತಿಗೆ ಹಸಿ ಅರಿವೆಯನ್ನೇ ಇಟ್ಟಿದ್ದಾಳೆ, ನಿಮ್ಮ ಕ್ರಮವೇ ಸರಿಯಿಲ್ಲ, ಮೂರು ಹೊತ್ತು ನನ್ನನ್ನು ಜೀವಂತ ಸುಲಿಸಿ ಈಗ ತಪ್ಪು ನಮ್ಮ ಮೇಲೆ ಹೊರಿಸುತ್ತೀರಾ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಸಿಸ್ಟರ್ ಮುಗಿಯುವ ತನಕ ಕೇಳಿಸಿಕೊಂಡರು. ಆಮೇಲೆ ತೆಗೆದ ಅರಿವೆಯನ್ನು ಚಿಮಟದಲ್ಲಿ ಹಿಡಿದು ನನ್ನ ಮುಖದ ಮುಂದೆ ತಂದರು. ನೀರು ಸುರಿದ ಮೇಲೂ ಅದರ ಅಂಚು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ನಡುವೆ ಹಳದಿ.

"ಇದರಾಗ ಅರಿಷಿಣ ಎಲ್ಲಿಂದ ಬಂತ್ರಿ?" ಅಂದರು.

ಡಾಕ್ಟರು ಬಂದು ನೋಡಿ, ಇನ್ನು ನಾಲ್ಕು ದಿನ ನೋಡೋಣ, ಸೋಮವಾರ ಬರುವಾಗ ಏನೂ ತಿನ್ನದೆ, ಕುಡಿಯದೆ ಬನ್ನಿ ಎಂದರು. ಬರಿ ಹೊಟ್ಟೆಯಲ್ಲಿ ಬರುವುದು ಅಂದರೆ ಆಪರೇಶನ್ನಿಗೆ ತಯಾರಾಗಿ ಬರುವುದು ಎಂದು ಆಗಲೇ ಗೊತ್ತಾಗಿತ್ತು.

ದಾರಿಯಲ್ಲಿ ಅವ್ವನನ್ನು ನಾನೇನೂ ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಎಂದಿನಂತೆ ಕಿಟಕಿಯ ಸಂದಿಗೆ ಟಾವೆಲ್ ತುರುಕಿದಳು, ನಾನು ಅವಳ ಕೈಗಳನ್ನೇ ನೋಡುತ್ತ ಕೂತೆ. ಸಂಜೆ ಅರಿವೆ ಬದಲಿಸುವ ಹೊತ್ತಾಯಿತು. ಗೋಡೆಯ ಕನ್ನಡಿ ತೆಗೆದುಕೊಡು ಅಂದೆ. ಬಾಣಂತಿ ಕನ್ನಡಿ ನೋಡಬಾರದು ಎಂದಳು. ನಾನು ಮುಖ ನೋಡುವುದಿಲ್ಲ, ಗಾಯ ನೋಡುತ್ತೇನೆ, ಕೊಡು ಅಂದೆ. ನನ್ನ ದನಿ ಕೇಳಿ ಕೊಟ್ಟಳು.

ಎರಡು ಮೊಣಕಾಲಿನ ನಡುವೆ ಕನ್ನಡಿ ಹಿಡಿದೆ. ಮೊದಲು ಚಾವಣಿ ಕಂಡಿತು, ಆಮೇಲೆ ಕಂಡಿತು ಗಾಯ. ಮೂರು ಬೆರಳು ಉದ್ದ, ಬೆರಳಿನ ಒಂದು ಗೆಣ್ಣು ಆಳ. ಅಂಚಿನಲ್ಲಿ ಮಾಸಲು ಹಳದಿ, ತಳದಲ್ಲಿ ಅಲ್ಲಲ್ಲಿ ಕಿತ್ತುಬಂದ ರಕ್ತದ ಚುಕ್ಕೆ. ಕರುಳಿಲ್ಲ. ನನ್ನ ತಲೆಯಲ್ಲಿ ಹೊಟ್ಟೆಯಷ್ಟೂ ಬಾಯಿ ತೆರೆದುಕೊಂಡಿದ್ದ ಗಾಯ ಇಷ್ಟೇ ಇತ್ತು. ಒಂಬತ್ತು ದಿನ ಇದನ್ನು ನೋಡದೆ ಸತ್ತು ಸತ್ತು ಬದುಕಿದೆನಲ್ಲ ಎಂದು ನಾಚಿಕೆಯಾಯಿತು, ಹಗುರವೂ ಆಯಿತು.

ಹಾಗೇ ಕನ್ನಡಿಯನ್ನು ತುಸು ಓರೆ ಮಾಡಿದೆ. ಕಾಲ ದೆಸೆಯಲ್ಲಿ ಕೂತ ಅವ್ವನ ಕೈ ಕಂಡವು. ಅವಳು ಹಸಿ ಅರಿವೆಯನ್ನು ಗಟ್ಟಿಯಾಗಿ ಹಿಂಡಿದಳು. ಶಗಡಿಯ ಕೆಂಡದ ಮೇಲೆ ಹಿಡಿದು ರೊಟ್ಟಿ ಮಗುಚಿದ ಹಾಗೆ ಎರಡೂ ಬದಿ ಮಗುಚಿದಳು. ಅದರ ಉಗಿ ನಿಲ್ಲುವ ತನಕ ಕಾದಳು. ಸೊಂಟದ ಚಂಚಿಯಿಂದ ಒಂದು ಚಿಟಿಕೆ ಅರಿಷಿಣ ತೆಗೆದು ಅದರ ಮೇಲೆ ಉದುರಿಸಿದಳು.

"ಎಷ್ಟ ದಿವ್ಸದಿಂದ ಬೇ?" ಅಂದೆ.

ಅವ್ವ ತಲೆಯೆತ್ತಿ ಕನ್ನಡಿಯೊಳಗೆ ನನ್ನ ಕಣ್ಣು ನೋಡಿದಳು. "ಮದಲನೇ ದಿವ್ಸದಿಂದ," ಎಂದಳು. ಸುಳ್ಳು ಹೇಳಲಿಲ್ಲ.

ಆಮೇಲೆ ಹೇಳಿದಳು. ಅವ್ವನಿಗೆ ಕಸ್ತೂರಿ ಎಂಬ ತಂಗಿಯಿದ್ದಳು, ನಾನು ಹುಟ್ಟುವ ಮೊದಲೇ ಬಾಣಂತನದಲ್ಲಿ ಸತ್ತಳು ಎಂಬುದಷ್ಟೇ ನನಗೆ ಗೊತ್ತಿದ್ದ ಸಂಗತಿ. ತಾಯಿಯಿಲ್ಲದ ತಂಗಿಯ ಬಾಣಂತನವನ್ನು ಅವ್ವನೇ ಇದೇ ಮನೆಯಲ್ಲಿ ಮಾಡಿದ್ದಳಂತೆ. ಹೆರಿಗೆಯಾದ ಐದನೆಯ ದಿನ ಮೋಡ ಕವಿಯಿತು. ಅವ್ವ ಎಮ್ಮೆ ಹಿಂಡಲು ಕೂತಿದ್ದಳು, ಕೈ ಬಿಡುವಿರಲಿಲ್ಲ. ಹಗ್ಗದ ಮೇಲಿನ ಕೂಸಿನ ಬಟ್ಟೆ ಒಳಗೆ ತಾ ಎಂದು ಕಸ್ತೂರಿಗೆ ಕೂಗಿ ಹೇಳಿದಳು. ಅಷ್ಟರಲ್ಲಿ ಮಳೆ ಸುರಿದು ಅವಳು ನೆತ್ತಿಯಿಂದ ಕಾಲಿನ ತನಕ ತೊಯ್ದಳು. ಒಂಬತ್ತನೆಯ ದಿನ ಸನ್ನಿಯಲ್ಲಿ ಬಡಬಡಿಸುತ್ತ ಹೋದಳು. ಕೂಸೂ ಉಳಿಯಲಿಲ್ಲ.

"ನಾನ ಕಳಿಸಿದ್ನಿ," ಎಂದಳು ಅವ್ವ. "ಈ ಕೈಲೆ ಬಾಣಂತಿ ಮೈಯಾಗ ಹಸೀ ಅರಿವಿ ಹೆಂಗ ಇಡ್ಲಿ?"

ಈಗ ನನಗೆ ಆ ಮಾತಿನ ಭಾರ ತಿಳಿಯುತ್ತದೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ, ಸೋಮವಾರ ಆಪರೇಶನ್, ಪಕ್ಕದಲ್ಲಿ ಹಾಲು ಕುಡಿಯುವ ಕೂಸು. "ನಿನ್ನ ತಂಗಿ ಸತ್ಲಂತ ನನ್ನನ್ನೂ ಸಾಯಸ್ತಿಯೇನು?" ಎಂದುಬಿಟ್ಟೆ. ಅವ್ವ ಪಾತ್ರೆ ಕೆಳಗಿಟ್ಟು ಎದ್ದು ಎಮ್ಮೆಯ ಕೊಟ್ಟಿಗೆಗೆ ಹೋದಳು. ಆಡಿದ ಮಾತು, ಒಡೆದ ಮುತ್ತು. ಮೂವತ್ತು ವರ್ಷದಲ್ಲಿ ಆ ಮಾತನ್ನು ನಾನು ಎಷ್ಟು ಸಲ ವಾಪಸು ನುಂಗಿದ್ದೇನೋ ಲೆಕ್ಕವಿಲ್ಲ.

ಆವತ್ತು ನಾನೇ ಹಾಕಿಕೊಂಡೆ. ಕೈ ತೊಳೆದು, ಕನ್ನಡಿಯನ್ನು ದಿಂಬಿಗೆ ಆನಿಸಿ, ಗಂಡ ತಂದ ಮಲ್ ಅರಿವೆಯನ್ನು ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದ್ದಿ ಹಿಂಡಿದೆ. ಕನ್ನಡಿಯಲ್ಲಿ ಬಲ ಎಡವಾಗಿ ಕೈ ಎಲ್ಲೆಲ್ಲಿಗೋ ಹೋಗುತ್ತಿತ್ತು. ಹಸಿ ಅರಿವೆ ಗಾಯಕ್ಕೆ ತಾಗಿದರೆ ಉರಿಯುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಉರಿಯಲಿಲ್ಲ. ತಂಪಾಯಿತು. ಎಂಟು ದಿನದಲ್ಲಿ ಮೊದಲ ಸಲ ಆ ಜಾಗ ಸುಮ್ಮನಾಯಿತು. ಮರುದಿನ ಬೆಳಿಗ್ಗೆ ತೆಗೆದಾಗ ಅರಿವೆ ತಾನಾಗಿಯೇ ಜಾರಿ ಬಂತು, ಎರಡೇ ಹನಿ ರಕ್ತ.

ಅವ್ವ ಹೊತ್ತಿಗೆ ಸರಿಯಾಗಿ ಊಟ ತಂದಿಡುತ್ತಿದ್ದಳು, ಕೂಸಿಗೆ ಎರೆಯುತ್ತಿದ್ದಳು, ಆದರೆ ನನ್ನ ಜೊತೆ ಮಾತಿಲ್ಲ. ನಾನೂ ಬಿಗಿದುಕೊಂಡಿದ್ದೆ, ತಪ್ಪಾಯಿತು ಅನ್ನಲು ನಾಲಿಗೆ ಹೊರಳಲಿಲ್ಲ. ಎರಡನೆಯ ದಿನ ನನ್ನ ಗಂಡ ಬಂದರು. ಹೊಸ್ತಿಲ ಹೊರಗೆ ಕೂತು ನನ್ನಿಂದ ಎಲ್ಲ ಕೇಳಿಸಿಕೊಂಡರು. ಅವ್ವ ಚಹಾ ತಂದಾಗ ತಲೆ ಕೆಳಗೆ ಹಾಕಿಕೊಂಡೇ ಮಾತಾಡಿದರು.

"ಅತ್ತಿ, ದ್ರಾಕ್ಷಿ ಕಡ್ಡಿ ದೂರದಿಂದ ತರುವಾಗ ಹಸೀ ಗೋಣಿ ಸುತಗೊಂಡ ತರ್ತೀವಿ. ಒಣಗಿದ್ರ ಬೇರ ಬಿಡೂದಿಲ್ಲ. ಅದರ ಮ್ಯಾಲ ಕೊಡಪಾನ ನೀರೇನ ಸುರವೂದಿಲ್ಲ, ಹಸೀ ಇದ್ರ ಸಾಕು."

ನಮ್ಮ ಮದುವೆಯಾದ ಮೇಲೆ ಆ ಮನುಷ್ಯ ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ಚಹಾದ ಕಪ್ಪು-ಬಸಿ ತೆಗೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಅರಿವೆ ಬದಲಿಸುವ ಹೊತ್ತಿಗೆ ಅವಳು ಮೊಣಕೈ ತನಕ ಕೈ ತೊಳೆದುಕೊಂಡು ಬಂದು ನಿಂತಳು. "ಕನ್ನಡಿ ನೀ ಹಿಡಿ," ಅಂದಳು. "ನಾ ಇಡ್ತೀನಿ. ಎಲ್ಲಿ ಹಸಿ ಸಾಲೂದಿಲ್ಲ ಅಂತ ನೀನ ಹೇಳು." ಆದರೆ ಕರಾರು ಹಾಕಿದಳು. ಕುಂಚಿಗೆ, ಕಾಲುಚೀಲ, ಎರಡು ಕೌದಿ ಇರಲೇಬೇಕು, ಅಂಗೈಯಗಲದ ಆ ಜಾಗ ಬಿಟ್ಟು ಮೈಗೆಲ್ಲೂ ತಂಪು ತಾಗಬಾರದು. ಶಗಡಿ ಹೊರಸಿನ ಕೆಳಗಿಂದ ಕೋಣೆಯ ಮೂಲೆಗೆ ಹೋಗುತ್ತದೆ, ಹೊರಗೆ ಹೋಗುವುದಿಲ್ಲ. ನಾನು ಒಪ್ಪಿದೆ. ಹಸಿ ಅರಿವೆ ಒಳಗಿಡುವಾಗ ಅವಳ ತುಟಿ ಏನನ್ನೋ ಪಿಟಿಪಿಟಿ ಅನ್ನುತ್ತಿತ್ತು. ಮುಗಿದ ಮೇಲೆ ನನ್ನ ಹಣೆ ಮುಟ್ಟಿ ನೋಡಿದಳು. ಅರ್ಧ ತಾಸು ಬಿಟ್ಟು ಮತ್ತೆ ಮುಟ್ಟಿದಳು. ಮೈ ಬಿಸಿಯಾಗಿರಲಿಲ್ಲ. ಅವಳು ಹೆದರಿಕೆ ಬಿಟ್ಟು ಅದನ್ನು ಮಾಡಲಿಲ್ಲ, ಹೆದರುತ್ತಲೇ ಮಾಡಿದಳು.

ಸೋಮವಾರ ಬರಿ ಹೊಟ್ಟೆಯಲ್ಲಿ ಹೋದೆ. ನನಗಿಂತ ಮುಂದೆ ಹದಿನೇಳು ಜನ ಇದ್ದರು. ಬಾಯಾರಿಕೆಗೆ ನಾಲಿಗೆ ಅಂಟುತ್ತಿತ್ತು, ಎದೆಹಾಲು ಸೋರಿ ಕುಪ್ಪಸ ತೊಯ್ದಿತ್ತು. ಇದು ಕೊನೆಯದಿರಬಹುದು ಎಂದು ಅದೇ ಬಾಕಿನ ಮೇಲೆ ಮಗಳಿಗೆ ಎರಡು ಸಲ ಕುಡಿಸಿದೆ. ಎದುರಿನಿಂದ ಯಾರನ್ನೋ ಗಾಲಿಮಂಚದ ಮೇಲೆ ಮಲಗಿಸಿಕೊಂಡು ಹೋದರು, ಆ ಗಾಲಿಯ ಕಿರುಗುಟ್ಟುವ ಸಪ್ಪಳ ಕೇಳಿ ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ತಪ್ಪಾಯಿತು ಎಂದು ಇಬ್ಬರೂ ಬಾಯಿಬಿಟ್ಟು ಅಂದಿರಲಿಲ್ಲ, ಆ ಕೈಯಲ್ಲೇ ಎಲ್ಲ ಮುಗಿಯಿತು. ಈ ಸಲ ಅವ್ವನೂ ಒಳಗೆ ಬಂದಳು.

ಸಿಸ್ಟರ್ ಅರಿವೆ ತೆಗೆದರು. ಸುರಿಯಲು ಉಪ್ಪುನೀರು ಬೇಕಾಗಲಿಲ್ಲ. ಬಾಗಿ ಬಹಳ ಹೊತ್ತು ನೋಡಿದರು, ಡಾಕ್ಟರನ್ನು ಕರೆದರು, ಇಬ್ಬರೂ ಮರಾಠಿಯಲ್ಲಿ ಮೆಲ್ಲಗೆ ಮಾತಾಡಿಕೊಂಡರು. ನನಗೆ ಮರಾಠಿ ಬರುತ್ತದೆ, ಆ ಹೊತ್ತಿನಲ್ಲಿ ಒಂದಕ್ಷರ ತಿಳಿಯಲಿಲ್ಲ. ಡಾಕ್ಟರು ಹೊರಗೆ ಹೋದರು.

"ಹೊರಗ ಗಾಡ್ಯಾಗ ಬಿಸಿ ಪೋಹೆ ಸಿಗ್ತಾವ," ಅಂದರು ಸಿಸ್ಟರ್. "ಹೋಗಿ ಹೊಟ್ಟಿ ತುಂಬ ತಿನ್ರಿ."

ಆಪರೇಶನ್ ಇಲ್ಲ ಎಂಬುದು ನನಗೆ ತಿಳಿದದ್ದು ಹಾಗೆ. ತಳವೆಲ್ಲ ಕೆಂಪಾಗಿ, ದಾಳಿಂಬೆ ಕಾಳಿನಂತೆ ಹೊಸ ಮಾಂಸ ಎದ್ದಿದೆ ಎಂದು ಅವ್ವನಿಗೆ ಬೆರಳು ಮಾಡಿ ತೋರಿಸಿದರು. ಆವತ್ತು ತಿಂದ ಆ ಒಗ್ಗರಣೆ ಅವಲಕ್ಕಿಯ ರುಚಿ ಆಮೇಲೆ ಯಾವ ಮದುವೆ ಊಟದಲ್ಲೂ ನನಗೆ ಸಿಕ್ಕಿಲ್ಲ.

ಮುಂದಿನ ಐದು ವಾರ ಬರೀ ಬೇಸರದ ಕೆಲಸ, ಅದನ್ನೂ ಹೇಳಿಬಿಡಬೇಕು. ದಿನಕ್ಕೆ ಮೂರು ಸಲ ಅದೇ ನೀರು, ಅದೇ ಉಪ್ಪು, ಅದೇ ಕನ್ನಡಿ. ಒಂದು ವಾರ ಏನೂ ಬದಲಾಗಿಲ್ಲ ಅನಿಸುತ್ತಿತ್ತು, ಇನ್ನೊಂದು ವಾರ ಇದ್ದಕ್ಕಿದ್ದಂತೆ ಅರ್ಧ ಮುಚ್ಚಿರುತ್ತಿತ್ತು. ಒಂದು ಮಧ್ಯಾಹ್ನ ನನಗೆ ನಿದ್ದೆ ಹತ್ತಿ ಹೊತ್ತು ಮೀರಿದಾಗ ಅವ್ವ ನನ್ನನ್ನು ಎಬ್ಬಿಸಿ, ಒಣಗೀತು ಏಳು ಎಂದು ಬೈದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನಾನು ಮಲಗಿದಲ್ಲೇ ನಕ್ಕೆ.

ಕೊನೆಯ ಸಲ ಹೋದಾಗ ಸಿಸ್ಟರ್ ಗಾಯದ ಮೇಲೆ ಬೆರಳಾಡಿಸಿ, ಚರ್ಮ ಕೂಡಿದೆ, ಇನ್ನು ಹಸಿ ಬೇಡ, ಹಾಗೇ ಬಿಡಿ ಎಂದರು. ಅವ್ವನಿಗೆ ಸಮಾಧಾನವಾಗಲಿಲ್ಲ. "ಇನ್ನ ಒಂದೆರಡ ದಿವ್ಸ ಹಸೀನ ಇಟ್ರ ಹೆಂಗ್ರಿ ಬಾಯಾರ?" ಎಂದಳು. ಸಿಸ್ಟರ್ ಜೋರಾಗಿ ನಕ್ಕರು. ನಾನೂ ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತು, ಬಾಣಂತಿ ಮಳೆಯಲ್ಲಿ ನೆಂದರೆ ಸಾಯುತ್ತಾಳೇನು ಎಂದು ಕೇಳಿದಳು. ಕಸ್ತೂರಿಯ ಕತೆ ಹೇಳಿದಳು. ಸಿಸ್ಟರ್ ನಗು ನಿಲ್ಲಿಸಿ ಸ್ಟೂಲ್ ಎಳೆದುಕೊಂಡು ಕೂತರು.

"ಜ್ವರ ಯಾವಾಗ ಬಂದಿತ್ರಿ? ಮಳಿಗೆ ಮದಲೋ, ಆಮ್ಯಾಲೋ?"

ಅವ್ವ ಸೆರಗಿನ ತುದಿಯನ್ನು ಬೆರಳಿನಿಂದ ಬಿಡಿಸಿದಳು. ಮೂರನೆಯ ದಿನವೇ ಮೈ ಸುಡುತ್ತಿತ್ತು ಎಂದಳು. ಮಳೆ ಬಂದದ್ದು ಐದನೆಯ ದಿನ ಎಂದಳು.

"ಮತ್ತ ಮಳಿ ಏನ ಮಾಡ್ತ್ರಿ?" ಅಂದರು ಸಿಸ್ಟರ್. ಅಂಥ ಜ್ವರ ಹೆರಿಗೆಯ ಹೊತ್ತಿನ ಹೊಲಸಿನಿಂದ ಒಳಗೆ ಹತ್ತುತ್ತದೆ, ಆಗಿನ ಕಾಲಕ್ಕೆ ಹಳ್ಳಿಯಲ್ಲಿ ಅದಕ್ಕೆ ಔಷಧವೂ ಇರಲಿಲ್ಲ, ಬಟ್ಟೆ ತರಲು ಕಳಿಸಿದ್ದರಿಂದ ಯಾರೂ ಸಾಯುವುದಿಲ್ಲ ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ಅವ್ವ ತಲೆಯಾಡಿಸಿದಳು. ಅವಳು ತಲೆಯಾಡಿಸಿದ್ದನ್ನು ನಾನೀಗ ಅಷ್ಟು ಸುಲಭಕ್ಕೆ ನಂಬುವವಳಲ್ಲ, ಮುಖ ನೋಡಿದೆ. ಏನೂ ತಿಳಿಯಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಎಂದಿನಂತೆ ಸಂದಿಗೆ ಟಾವೆಲ್ ತುರುಕಿದಳು. ಒಂದು ಕೈಯ ಬೆರಳು ಮಡಚುತ್ತಿದ್ದಳು. ಮೂರನೆಯ ದಿನ, ನಾಲ್ಕು, ಐದು. ಮತ್ತೆ ಮೊದಲಿನಿಂದ. ಕಾಗವಾಡ ದಾಟಿದ ಮೇಲೆ ಮಾತಾಡಿದಳು.

"ಬಟ್ಟಿ ತಗದ ಮ್ಯಾಲೂ ಆಕಿ ಒಳಗ ಬರಲಿಲ್ಲ ಶೋಭಾ. ಅಂಗಳದಾಗ ಮಳ್ಯಾಗ ನಿಂತ್ಲು. ತಂಪ ಅನಸ್ತೈತಿ ಅಕ್ಕಾ, ಇಲ್ಲೇ ನಿಂದರ್ತೀನಿ ಅಂದ್ಲು. ನಾ ಬೈದ ಎಳಕೊಂಡ ಬಂದ್ನಿ."

ಅವಳ ಮಡಚಿದ ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಅವ್ವ ಸದ್ದಿಲ್ಲದೆ ಅತ್ತಳು, ಕೂಸಿನ ಕುಂಚಿಗೆಯ ಮೇಲೆ ಹನಿ ಬಿದ್ದವು, ಒರೆಸಿದಳು. ಇಪ್ಪತ್ತಾರು ವರ್ಷ ಅವಳು ಕಸ್ತೂರಿಗೆಂದು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಆಮೇಲೆ ಅವಳು ಕೈ ಬಿಡಿಸಿಕೊಂಡು ಸಂದಿಯಿಂದ ಟಾವೆಲ್ ಎಳೆದು ತೆಗೆದಳು. ಕೂಸಿನ ಗದ್ದದ ಕೆಳಗಿನ ಗಂಟು ಸಡಿಲ ಮಾಡಿ, ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದಳು. ಗಾಳಿ ಒಳಗೆ ಬಂತು.